ಹೆರಿಗೆ ನೋವು ಶುರುವಾದ ಮೇಲೂ ಸ್ಕ್ಯಾನ್ ಬೇಕಾ?

ಪ್ರಶ್ನೆ:
ಇದು ನನ್ನ ಮೊದಲ ಹೆರಿಗೆ, ದಿನ ಹತ್ತಿರ ಬಂದಿದೆ. ಅಗತ್ಯ ಬಿದ್ದರೆ ಲೇಬರ್ ರೂಮಿನಲ್ಲೂ ಸ್ಕ್ಯಾನ್ ಮಾಡುತ್ತೇವೆ, ಕೆಳಗಿನಿಂದ ನೋಡುತ್ತೇವೆ ಅಂದರು ಡಾಕ್ಟರು. ಇಷ್ಟು ತಿಂಗಳು ಮಾಡಿದ್ದು ಸಾಲದಾ? ಪ್ರೋಬ್ ಒಳಗೆ ಹಾಕುತ್ತಾರಾ? ರೇಡಿಯೇಶನ್ ಭಯವೂ ಇದೆ.

ಉತ್ತರ 1:
ಒಳಗೆ ಹಾಕಲ್ಲ. ಹೊಟ್ಟೆಗೆ ಇಡುವ ಪ್ರೋಬ್‌ಗೇ ಗ್ಲೌಸ್ ಹಾಕಿ, ಜೆಲ್ ಹಚ್ಚಿ, ತೊಡೆಗಳ ಮಧ್ಯೆ ಹೊರಗಿನಿಂದಲೇ ಇಡುತ್ತಾರೆ. ಪರದೆ ಮೇಲೆ ನಿಮ್ಮ ಪ್ಯೂಬಿಕ್ ಮೂಳೆ (ಕಿಬ್ಬೊಟ್ಟೆಯ ಕೆಳಗೆ ಮುಂದುಗಡೆ ಇರುವ ಮೂಳೆ), ಮಗುವಿನ ತಲೆಬುರುಡೆ ಎರಡೂ ಕಾಣುತ್ತವೆ. ಮೂಳೆ ಉದ್ದಕ್ಕೆ ಒಂದು ಗೆರೆ, ಅದರ ಕೆಳತುದಿಯಿಂದ ತಲೆಬುರುಡೆಗೆ ತಾಗುವಂತೆ ಇನ್ನೊಂದು, ಇವೆರಡರ ನಡುವಿನ ಕೋನ ಎಷ್ಟು ಅಂತ ಅಳೆಯುತ್ತಾರೆ. 120 ಡಿಗ್ರಿ ದಾಟಿದರೆ ತಲೆ ಚೆನ್ನಾಗಿ ಇಳಿದಿದೆ ಅಂತ. ನೀವು ಮುಕ್ಕಿದಾಗ ಆ ಕೋನ ಅಗಲವಾಗುವುದೂ ಕಾಣುತ್ತದೆ. ಇದು ಬರೀ ಶಬ್ದದ ಅಲೆ, ಎಕ್ಸ್-ರೇ ಅಲ್ಲ, ರೇಡಿಯೇಶನ್ ಇಲ್ಲ. ಹಿಂದೆ ತಾಯಿಯ ಸೊಂಟದ ಅಳತೆಗೆ ಎಕ್ಸ್-ರೇ ತೆಗೆಯುತ್ತಿದ್ದರು. ಗರ್ಭದಲ್ಲಿ ಎಕ್ಸ್-ರೇ ಬಿದ್ದ ಮಕ್ಕಳಲ್ಲಿ ಕ್ಯಾನ್ಸರ್ ಜಾಸ್ತಿ ಅಂತ 1956ರಲ್ಲಿ ಬ್ರಿಟನ್ನಿನ ವೈದ್ಯೆ ಆಲಿಸ್ ಸ್ಟೂವರ್ಟ್ ತೋರಿಸಿದ ಮೇಲೆ ನಿಧಾನಕ್ಕೆ ಕಮ್ಮಿ ಆಯ್ತು.

ಉತ್ತರ 2:
ತಿಂಗಳ ಸ್ಕ್ಯಾನಿಗೂ ಇದಕ್ಕೂ ಸಂಬಂಧವೇ ಇಲ್ಲ ರೀ. ನೋವಿನ ಹೊತ್ತಿನಲ್ಲಿ ಮಗು ತಿರುಗುತ್ತಾ ಇಳಿಯುತ್ತದೆ, ಈಗ ಮುಖ ಯಾವ ಕಡೆ ಇದೆ ಅನ್ನುವುದು ಮುಖ್ಯ. ಬೆರಳಿಟ್ಟು ನೋಡುವಾಗ ನೆತ್ತಿಯ ಸುಳಿ, ಮೂಳೆ ಸೇರುವ ಗೆರೆ ತಡವಿ ಗೊತ್ತು ಮಾಡಬೇಕು, ತಲೆ ಊದಿಕೊಂಡಿದ್ದರೆ ಅದು ಸಿಗುವುದೇ ಇಲ್ಲ. ಸ್ಕ್ಯಾನಿನಲ್ಲಿ ಮಗುವಿನ ಎರಡು ಕಣ್ಣುಗುಳಿ ಮೇಲ್ಮುಖವಾಗಿ ಕಂಡರೆ ಮುಗೀತು, ಮಗು ಸಾಮಾನ್ಯದಂತೆ ತಾಯಿಯ ಬೆನ್ನಿನ ಕಡೆ ನೋಡದೆ ಆಕಾಶ ನೋಡಿಕೊಂಡು ಬರುತ್ತಿದೆ. ಮಗುವಿನ ತಲೆಗೆ ಅಂಟಿಸಿ ಎಳೆಯುವ ವ್ಯಾಕ್ಯೂಮ್ ಕಪ್ ಎಲ್ಲಿ ಕೂರಿಸಬೇಕು ಅನ್ನುವುದು ಇದರ ಮೇಲೇ ನಿಂತಿದೆ. 2014ರಲ್ಲಿ ಐರ್ಲೆಂಡಿನ ಒಂದು ಅಧ್ಯಯನದಲ್ಲಿ ಬೆರಳಿನಿಂದ ಮಾತ್ರ ನೋಡಿದಾಗ ಸುಮಾರು 20 ಶೇಕಡಾ ತಪ್ಪಾಗಿತ್ತು, ಸ್ಕ್ಯಾನ್ ಸೇರಿಸಿದಾಗ 2 ಶೇಕಡಾಗಿಂತ ಕಡಿಮೆ.

ಉತ್ತರ 3:
ಅದೇ ಅಧ್ಯಯನದಲ್ಲಿ ತಾಯಿ-ಮಗುವಿಗೆ ಆಗುವ ತೊಂದರೆ ಮಾತ್ರ ಕಮ್ಮಿ ಆಗಲಿಲ್ಲ, ಅದನ್ನೂ ಹೇಳಿ! ಫ್ರಾನ್ಸಿನಲ್ಲಿ ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಮದ್ದು) ತಗೊಂಡವರಿಗೆ ಸುಮ್ನೆ ಸ್ಕ್ಯಾನ್ ಮಾಡಿ ನೋಡಿದರು, ಸಿಸೇರಿಯನ್ ಜಾಸ್ತಿಯೇ ಆಯ್ತು. ಮಗು ಮೇಲ್ಮುಖ ಅಂತ ಗೊತ್ತಾದರೆ ಕಾಯುವ ತಾಳ್ಮೆ ಹೋಗುತ್ತದೆ, ಅಲ್ವಾ? ಎಷ್ಟೋ ಮಕ್ಕಳು ತಾವಾಗೇ ತಿರುಗಿಕೊಳ್ಳುತ್ತವೆ.

ಪ್ರಶ್ನೆ ಕೇಳಿದವರು:
ಹಾಗಾದರೆ ನಾನು ಒಪ್ಪಲಾ, ಬೇಡವಾ?

ಉತ್ತರ 2:
ಹೆರಿಗೆ ಮುಂದುವರಿಯದೆ ನಿಂತರೆ, ಇಲ್ಲಾ ವ್ಯಾಕ್ಯೂಮ್, ಫೋರ್ಸೆಪ್ಸ್ (ತಲೆ ಹಿಡಿದು ಎಳೆಯುವ ಇಕ್ಕಳ) ಮಾತು ಬಂದರೆ ಒಪ್ಪಿ. ಸ್ಕ್ಯಾನ್ ತಜ್ಞರ ಅಂತರರಾಷ್ಟ್ರೀಯ ಸಂಸ್ಥೆ ಐಸುಯಾಗ್ 2018ರಲ್ಲಿ ಕೊಟ್ಟ ಸಲಹೆಯೂ ಹೆಚ್ಚು ಕಮ್ಮಿ ಇದೇ. ಎಲ್ಲ ಸರಿಯಾಗಿ ಸಾಗುತ್ತಿದ್ದರೆ ಯಾಕೆ ಮಾಡುತ್ತೀರಿ ಅಂತ ಕೇಳಿ, ಅದರಲ್ಲಿ ಸಂಕೋಚ ಬೇಡ.