ಅಪ್‌ಡೇಟ್: ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಸದ್ಯಕ್ಕೆ ಬೇಡ ಅಂದರು

5 ತಿಂಗಳ ಹಿಂದೆ ಕೇಳಿದ್ದೆ: ವಯಸ್ಸು 27, ಅನೊರೆಕ್ಸಿಯಾದಿಂದ (ದಪ್ಪಗಾಗುವ ಭಯಕ್ಕೆ ಊಟವನ್ನೇ ಬಿಡುವ ಕಾಯಿಲೆ) ಚೇತರಿಸಿಕೊಳ್ಳುತ್ತಿದ್ದೇನೆ, ಟೆಸ್ಟೋಸ್ಟೆರಾನ್ (ಪುರುಷ ಹಾರ್ಮೋನ್) ಕಮ್ಮಿ, 180 ಬಂದಿದೆ, ಇಂಜೆಕ್ಷನ್ ಶುರು ಮಾಡಲಾ ಅಂತ. ಜಿಮ್ಮಿನ ಗೆಳೆಯ ತಾನೇ ತಂದುಕೊಡುತ್ತೇನೆ ಎಂದಿದ್ದ. ಪುಣ್ಯಕ್ಕೆ ತೆಗೆದುಕೊಳ್ಳಲಿಲ್ಲ.

ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ಡಾಕ್ಟರ್) ಹತ್ತಿರ ಹೋದೆ. ಆ 180 ಬಂದ ಟೆಸ್ಟಿಗೆ ಊಟ ಮಾಡಿ ಮಧ್ಯಾಹ್ನ ರಕ್ತ ಕೊಟ್ಟಿದ್ದೆ ಎಂದಾಗ ನಕ್ಕರು. ಬೆಳಿಗ್ಗೆ 10ರೊಳಗೆ, ಖಾಲಿ ಹೊಟ್ಟೆಯಲ್ಲಿ, ಬೇರೆ ಬೇರೆ ದಿನ ಎರಡು ಸಲ ಮಾಡಿಸಬೇಕಂತೆ. 210, 225 ಬಂತು. ಕಮ್ಮಿಯೇ. ಆದರೆ ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸು ಎಂದು ವೃಷಣಕ್ಕೆ ಹೇಳುವ ಹಾರ್ಮೋನ್) ಕೂಡ ಕಮ್ಮಿ. ಅಂದರೆ ವೃಷಣ ಕೆಟ್ಟಿಲ್ಲ, ಮೆದುಳಿನಿಂದ ಬರುವ ಸಿಗ್ನಲ್ಲೇ ಸೊರಗಿದೆ. ಪ್ರೊಲ್ಯಾಕ್ಟಿನ್ ಅನ್ನೋ ಇನ್ನೊಂದು ಹಾರ್ಮೋನ್, ಥೈರಾಯ್ಡ್ ಸರಿ ಇದ್ದವು. ಹೊಟ್ಟೆಗೆ ಸಾಲದಿದ್ದಾಗ ದೇಹ ಮೊದಲು ಇಂಥ ಖರ್ಚನ್ನೇ ಕಡಿತ ಮಾಡುತ್ತದೆ, ಅಲ್ವಾ? ಹೊರಗಿನಿಂದ ಹಾರ್ಮೋನ್ ಕೊಟ್ಟರೆ ಇರುವ ಸಿಗ್ನಲ್ಲೂ ಅಡಗುತ್ತದೆ, ವೀರ್ಯಾಣು ಉತ್ಪತ್ತಿಯೇ ನಿಲ್ಲಬಹುದು ಎಂದರು. ಮುಂದೆ ಮಕ್ಕಳು ಬೇಕು ಅನ್ನುವ ನನಗೆ ಅಷ್ಟು ಸಾಕಾಯಿತು.

ಬೇಜಾರಾಗಿದ್ದು ಮೂಳೆಯ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ನೋಡಿ. ಬೆನ್ನುಮೂಳೆ ವಯಸ್ಸಿಗೆ ತಕ್ಕಷ್ಟು ಗಟ್ಟಿ ಇಲ್ಲ. ವಿಟಮಿನ್ ಡಿ, ಕ್ಯಾಲ್ಸಿಯಂ ಕೊಟ್ಟಿದ್ದಾರೆ. ಓಟ ಬಂದ್.

ಉಳಿದಿದ್ದೆಲ್ಲ ಊಟವೇ. ದಿನಕ್ಕೆ 3 ಊಟ, ನಡುವೆ 3 ಸಲ ತಿಂಡಿ, ವಾರಕ್ಕೊಮ್ಮೆ ಕೌನ್ಸೆಲಿಂಗ್. ಅಮ್ಮ ಮುದ್ದೆಗೆ ತುಪ್ಪ ಹಾಕುವಾಗ ಈಗಲೂ ಎದೆ ಡವಡವ ಅನ್ನುತ್ತದೆ. ತಿನ್ನುತ್ತೇನೆ. ತೂಕದ ಅಂಕಿ ಬರೆಯಲ್ಲ, ಇದೇ ಕಾಯಿಲೆ ಇರುವವರೂ ಓದುತ್ತೀರಿ. ಏರಿದೆ, ಅಷ್ಟೇ.

ಹೋದ ವಾರದ ಟೆಸ್ಟ್: 340. ಕೆಲವರು ಸಂಕೋಚದಿಂದ ಕೇಳಿದ್ದಿರಿ. ಹೌದು, ಬೆಳಗಿನ ನಿಮಿರುವಿಕೆಯೂ ಮರಳಿದೆ. ತೂಕ ಪೂರ್ತಿ ಸರಿಯಾದ ಮೇಲೂ ಟೆಸ್ಟೋಸ್ಟೆರಾನ್ ಏರದಿದ್ದರೆ ಮಾತ್ರ ಇಂಜೆಕ್ಷನ್ ಮಾತು. ಮುಂದಿನ ಟೆಸ್ಟ್ 3 ತಿಂಗಳಿಗೆ.