ಒಂದೇ ಗೆರೆಯಲ್ಲಿ ಯೇಸುವಿನ ಮುಖ: ನೆರಳು ಬಂದದ್ದು ಹೇಗೆ?

ವಾಸ್ಕೊ ಕನ್ನಡಿಗ:
ನಮ್ಮ ಮನೆ ಮಾಲೀಕರ ಹಾಲ್‌ನಲ್ಲಿ ಯೇಸುವಿನ ಮುಖದ ಹಳೇ ಚಿತ್ರ ಇದೆ. ಹತ್ತಿರ ಹೋಗಿ ನೋಡಿದರೆ ಮೂಗಿನ ತುದಿಯಲ್ಲಿ ಶುರುವಾದ ಗೆರೆ ಸುತ್ತುತ್ತಾ ಸುತ್ತುತ್ತಾ ಅಂಚಿನ ಕಡೆಗೆ ಹೋಗುತ್ತದೆ. ಮುಖದಲ್ಲಿ ಬೇರೆ ಗೆರೆಯೇ ಇಲ್ಲ! ಹಾಗಾದರೆ ಕಣ್ಣು, ಗಡ್ಡ, ಮುಳ್ಳಿನ ಕಿರೀಟ ಹೇಗೆ ಮೂಡಿದವು? ಕೆಳಗೆ 1649 ಅಂತಿದೆ.

ತಾಮ್ರದ ತಗಡು, ಡೊಂಬಿವಲಿ:
ಅದು ಫ್ರಾನ್ಸಿನ ಕಲಾವಿದ ಕ್ಲೋಡ್ ಮೆಲ್ಲಾನ್ ತಾಮ್ರದ ತಗಡಿನಲ್ಲಿ ಕೊರೆದದ್ದು; ಕೊರೆದ ಗೆರೆಗೆ ಶಾಯಿ ತುಂಬಿ ಕಾಗದಕ್ಕೆ ಒತ್ತಿ ಚಿತ್ರ ತೆಗೆಯುತ್ತಾರೆ. ನಾನು ಮುಂಬೈಯಲ್ಲಿ ಪ್ರಿಂಟ್‌ಮೇಕಿಂಗ್ ಕಲಿತವಳು. ಈಗಲೂ ಮನೆಯಲ್ಲಿ ತಾಮ್ರ ಕೊರೆಯುತ್ತೇನೆ. ಈ ಚಿತ್ರ ಅಂದರೆ ನನಗೆ ಪ್ರಾಣ.

ಗುಟ್ಟು ಇರುವುದು ಗೆರೆಯ ದಪ್ಪದಲ್ಲಿ. ಬ್ಯೂರಿನ್ ಅನ್ನುವ ಉಕ್ಕಿನ ಉಳಿಯ ತುದಿ ಚೂಪು, ಮೇಲೆ ಹೋದಂತೆ ಅಗಲ. ನೇಗಿಲು ಒತ್ತಿದರೆ ಸಾಲು ಆಳವೂ ಆಗುತ್ತೆ, ಅಗಲವೂ ಆಗುತ್ತೆ ಅಲ್ವಾ, ಹಾಗೇ ಇದು. ಆಳದ ಕಡೆ ಶಾಯಿ ಜಾಸ್ತಿ ನಿಲ್ಲುತ್ತದೆ, ಕಾಗದದ ಮೇಲೆ ಗೆರೆ ದಪ್ಪ ಬರುತ್ತದೆ. ಕಣ್ಣಿನ ನೆರಳಿಗೆ ಒತ್ತಿದ್ದಾನೆ, ಹಣೆಯ ಬೆಳಕಿಗೆ ಕೈ ಹಗುರ ಮಾಡಿದ್ದಾನೆ. ರಕ್ತದ ಹನಿಗಳೂ ಹೀಗೇ ಬಂದಿವೆ.

ಬೇರೆಯವರು ಕಪ್ಪು ಬೇಕಾದಲ್ಲಿ ಗೆರೆಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದರು. ಅಡ್ಡಗೆರೆ ಇದ್ದರೆ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮುಚ್ಚಿಹೋಗುತ್ತದೆ. ಮೆಲ್ಲಾನ್‌ಗೆ ಆ ಆಸರೆ ಇಲ್ಲ. ಒಂದು ಸುತ್ತಿನಲ್ಲಿ ಕೈ ಜಾಸ್ತಿ ಒತ್ತಿದರೆ ಕೆನ್ನೆಯ ಮೇಲೆ ಕಲೆ. ಇನ್ನೊಂದು ವಿಷಯ: ಬಾಗಿದ ಗೆರೆ ಬೇಕಾದರೆ ಉಳಿ ಹಿಡಿದ ಕೈ ತಿರುಗಿಸುವುದಿಲ್ಲ, ಚರ್ಮದ ದಿಂಬಿನ ಮೇಲಿಟ್ಟ ತಗಡನ್ನೇ ಎಡಗೈ ತಿರುಗಿಸುತ್ತದೆ. ಜೊತೆಗೆ ಎಲ್ಲವನ್ನೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಕೊರೆಯಬೇಕು. ಬರೀ ಕೈಚಳಕ ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಆ ಮುಖದಲ್ಲಿ ನೋವಿದೆ, ನೋಡಿ.

ಪುಣೆಯ ಮಂಗಳೂರಿಗ:
ಚಿತ್ರದಲ್ಲಿರುವುದು ವೆರೋನಿಕಾಳ ಬಟ್ಟೆ. ಶಿಲುಬೆ ಹೊತ್ತು ಹೋಗುವಾಗ ಅವಳು ಯೇಸುವಿನ ಮುಖ ಒರೆಸಿದಳು, ಬಟ್ಟೆಯಲ್ಲಿ ಮುಖ ಮೂಡಿತು ಅನ್ನುವುದು ನಮ್ಮ ನಂಬಿಕೆ. ಯೇಸುವಿನ ಕೊನೆಯ ನಡಿಗೆಯನ್ನು ತೋರಿಸುವ ದೃಶ್ಯಗಳ ಸಾಲಿಗೆ ಶಿಲುಬೆಯ ಹಾದಿ ಅನ್ನುತ್ತೇವೆ, ಅದರಲ್ಲಿ 6ನೆಯ ದೃಶ್ಯ ಇದೇ. ಗೋವಾದ ಇಗರ್ಜಿಗಳ (ಚರ್ಚುಗಳ) ಗೋಡೆಯ ಮೇಲೂ ನೋಡಬಹುದು.

ವಾಸ್ಕೊ ಕನ್ನಡಿಗ:
ಇಬ್ಬರಿಗೂ ಥ್ಯಾಂಕ್ಸ್. ಮಾಲೀಕರ ಹತ್ತಿರ ಇರುವುದು ಅಸಲಿ ಇರಬಹುದಾ?

ತಾಮ್ರದ ತಗಡು, ಡೊಂಬಿವಲಿ:
ಭೂತಗನ್ನಡಿ ಹಿಡಿದು ನೋಡಿ. ಗೆರೆ ಸಣ್ಣ ಸಣ್ಣ ಚುಕ್ಕಿಗಳಾಗಿ ಒಡೆದರೆ ಅದು ಪುಸ್ತಕ, ಕ್ಯಾಲೆಂಡರ್ ಥರದ ಪ್ರಿಂಟ್. ತಗಡಿನಿಂದ ತೆಗೆದದ್ದಾದರೆ ಗೆರೆ ಗಟ್ಟಿಯಾಗಿರುತ್ತದೆ, ಅಂಚು ಕತ್ತರಿಸದಿದ್ದರೆ ಚಿತ್ರದ ಸುತ್ತ ತಗಡು ಒತ್ತಿದ ಗುರುತೂ ಇರುತ್ತದೆ. ಅಳತೆ ಸುಮಾರು 43 ಸೆಂಟಿಮೀಟರ್ ಎತ್ತರ, 32 ಅಗಲ. ಫ್ರೇಮ್ ಮಾತ್ರ ನೀವೇ ಬಿಚ್ಚಬೇಡಿ. ಹಳೇ ಕಾಗದ ಗಾಜಿಗೆ ಅಂಟಿಕೊಂಡಿರಬಹುದು.