ಸೋಫಾದಲ್ಲಿ ತೂಕಡಿಕೆ, ಹಾಸಿಗೆಯಲ್ಲಿ ಎಚ್ಚರ. ಯಾಕೆ ಹೀಗೆ?

ನಿದ್ದೆಗೆಟ್ಟವಳು:
ರಾತ್ರಿ ಟಿವಿ ಮುಂದೆ ಕೂತರೆ ಕಣ್ಣು ತಾನಾಗೇ ಮುಚ್ಚುತ್ತೆ. ಸರಿ ಅಂತ ಎದ್ದು ಹೋಗಿ ಮಲಗಿದ್ರೆ ಕಣ್ಣು ಪಿಳಿಪಿಳಿ. ಗಡಿಯಾರ ನೋಡೋದು, 'ಈಗ ನಿದ್ದೆ ಬಂದ್ರೂ ಐದೇ ಗಂಟೆ ಸಿಗೋದು' ಅಂತ ಲೆಕ್ಕ ಹಾಕೋದು, ಮತ್ತೆ ಮಗ್ಗುಲು ಬದಲಿಸೋದು. ಬಾಕಿ ನಿದ್ದೆಯನ್ನೆಲ್ಲ ಭಾನುವಾರ ಹತ್ತರವರೆಗೆ ಮಲಗಿ ತೀರಿಸ್ತೀನಿ. ಮಾತ್ರೆ ಬೇಡ ಅಂತಿದೀನಿ. ಕುರಿ ಎಣಿಸು ಅನ್ನೋರು ದಯವಿಟ್ಟು ಈ ಕಡೆ ಬರಬೇಡಿ.

ಮೌನಿ:
ಫೋನನ್ನ ಬೇರೆ ರೂಮಲ್ಲಿ ಚಾರ್ಜಿಗೆ ಹಾಕಿ. ಅರ್ಧ ರೋಗ ವಾಸಿ.

ರಾತ್ರಿಪಾಳಿ:
ಫೋನ್ ಇಡೋದು ಒಳ್ಳೇದೇ, ಆದ್ರೆ ಇವರ ತೊಂದರೆ ಬೇರೆ ಅನಿಸುತ್ತೆ. ನಾನು ನರ್ಸ್. ಪಾಳಿ ಬದಲಾದಾಗಲೆಲ್ಲ ನಿದ್ದೆ ಜೊತೆ ಜಗಳ ಆಡಿದವಳು.

ನೋಡಮ್ಮ, ಸೋಫಾದಲ್ಲಿ ನಿದ್ದೆ ಬರ್ತಿದೆ ಅಂದ್ರೆ ನಿದ್ದೆ ಕೆಟ್ಟಿಲ್ಲ. 'ಹಾಸಿಗೆ ಅಂದ್ರೆ ಚಿಂತೆ ಮಾಡೋ ಜಾಗ' ಅಂತ ಮೈ ಕಲಿತುಬಿಟ್ಟಿದೆ, ಅಷ್ಟೇ. ಅದನ್ನ ಮರೆಸೋ ವಿಧಾನವನ್ನ ರಿಚರ್ಡ್ ಬೂಟ್‌ಜಿನ್ ಅನ್ನೋ ಮನಶ್ಶಾಸ್ತ್ರಜ್ಞರು 1972ರಲ್ಲೇ ಹೇಳಿದ್ರು. ಕಣ್ಣು ಎಳೆಯೋವರೆಗೂ ಹಾಸಿಗೆಗೆ ಹೋಗಬೇಡಿ. ಹೋಗಿ ಸುಮಾರು 20 ನಿಮಿಷ ಆದ್ರೂ ನಿದ್ದೆ ಇಲ್ವಾ, ಎದ್ದು ಆಚೆ ಬನ್ನಿ. ಮಂದ ಬೆಳಕಲ್ಲಿ ಬಟ್ಟೆ ಮಡಚಿ, ಬೇಜಾರು ತರಿಸೋ ಪುಸ್ತಕ ಓದಿ. ನಿದ್ದೆ ಎಳೆದಾಗ ಮತ್ತೆ ಹೋಗಿ. 20 ನಿಮಿಷ ಅಂದಾಜಿಗೆ. ಗಡಿಯಾರದ ಮುಖ ಗೋಡೆ ಕಡೆ ತಿರುಗಿಸಿ, ಆ ಐದು ಗಂಟೆ ಲೆಕ್ಕ ಇದೆಯಲ್ಲ, ನಿದ್ದೆ ಓಡಿಸೋಕೆ ಅದೊಂದೇ ಸಾಕು.

ಭಾನುವಾರದ ಹತ್ತು ಗಂಟೆ ಮಾತ್ರ ಬಿಡಲೇಬೇಕು. ಎಷ್ಟು ತಡವಾಗಿ ಮಲಗಿದ್ರೂ ಏಳೋ ಹೊತ್ತು ಒಂದೇ ಇರಲಿ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಲ್ಲಿ ಅಡೆನೊಸಿನ್ ಅನ್ನೋ ರಾಸಾಯನಿಕ ಹೆಚ್ಚುತ್ತಾ ಹೋಗುತ್ತೆ, ನಿದ್ದೆಗೆ ಎಳೆಯೋದು ಅದು. ಹತ್ತಕ್ಕೆ ಎದ್ದವರಿಗೆ ಆ ರಾತ್ರಿ ಹನ್ನೊಂದಕ್ಕೆ ಅದು ಸಾಲೋದಿಲ್ಲ. ಕಾಫಿ ತಡೆಯೋದೂ ಇದರ ಕೆಲಸವನ್ನೇ. ಸಂಜೆ ನಾಲ್ಕಕ್ಕೆ ಕುಡಿದ ಕೆಫೀನಿನಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ರಾತ್ರಿ ಒಂಬತ್ತಕ್ಕೂ ಮೈಯಲ್ಲಿರುತ್ತೆ.

ಹಾಸಿಗೆ ಓದುಗ:
ನಾನು ದಿನಾ ಮಲಗಿಕೊಂಡೇ ಓದೋದು. ಎರಡು ಪುಟಕ್ಕೆ ಗೊರಕೆ. ಈ ನಿಯಮ ಎಲ್ಲ ಸುಮ್ನೆ.

ರಾತ್ರಿಪಾಳಿ:
ನಿಮಗೆ ನಿದ್ದೆ ಬರುತ್ತಲ್ಲ ಸ್ವಾಮಿ, ನೀವು ಹಾಸಿಗೆ ಮೇಲೆ ಇಸ್ಪೀಟು ಆಡಿದ್ರೂ ನಡೆಯುತ್ತೆ. ಆದ್ರೆ ಆ ಗೊರಕೆ ಜೋರಾಗಿದ್ದು, ನಡುವೆ ಉಸಿರು ಕಟ್ಟಿದಂತಾಗಿ, ಹಗಲೆಲ್ಲ ತೂಕಡಿಕೆ ಬರ್ತಿದ್ರೆ ಡಾಕ್ಟರಿಗೆ ತೋರಿಸಿ.

ನಿದ್ದೆಗೆಟ್ಟವಳು:
ಅಕ್ಕಾ, ಬಿಸಿನೀರ ಸ್ನಾನ ಮಾಡಿದ್ರೆ? ಮಲಗೋ ಮುಂಚೆ ಮೈ ತಂಪಾಗಬೇಕು ಅಂತಾರಲ್ಲ, ಇದು ಉಲ್ಟಾ ಅಲ್ವಾ?

ರಾತ್ರಿಪಾಳಿ:
ಉಲ್ಟಾ ಅಲ್ಲ. ಬಿಸಿನೀರಿಗೆ ಕೈಕಾಲಿನ ರಕ್ತನಾಳ ಹಿಗ್ಗಿ ಒಳಗಿನ ಶಾಖ ಆಚೆ ಹೋಗುತ್ತೆ, ಆಮೇಲೆ ಮೈ ತಣಿಯುತ್ತೆ. ಅದಕ್ಕೆ ಮಲಗೋಕೆ ಒಂದೆರಡು ಗಂಟೆ ಮುಂಚೆ ಮಾಡಿ. ಉಗುರುಬೆಚ್ಚಗಿದ್ರೆ ಸಾಲದು, ಚೆನ್ನಾಗಿ ಬೆಚ್ಚಗಿರಲಿ.

ಇನ್ನೊಂದು, ಈ ನಿಯಮಗಳನ್ನ ಶುರು ಮಾಡಿದ ಮೊದಲ ವಾರ ಹಗಲು ಸುಸ್ತು ಜಾಸ್ತಿನೇ ಆಗುತ್ತೆ. ಆಗ ದೂರದ ಡ್ರೈವಿಂಗ್ ಇಟ್ಕೋಬೇಡಿ. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳಿಂದ ಹೀಗೇ ಇದ್ರೆ, ಸಿಬಿಟಿ-ಐ, ಅಂದ್ರೆ ನಿದ್ದೆ ಕೆಡಿಸೋ ಯೋಚನೆ, ಅಭ್ಯಾಸಗಳನ್ನ ತಿದ್ದೋ ಚಿಕಿತ್ಸೆ, ಗೊತ್ತಿರೋರನ್ನ ಹುಡುಕಿ. ಅದರಲ್ಲೂ ಮಾತ್ರೆ ಇಲ್ಲ.

ನಿದ್ದೆಗೆಟ್ಟವಳು:
ಸರಿ ಅಕ್ಕಾ. ಭಾನುವಾರ ಏಳಕ್ಕೆ ಅಲಾರಂ ಇಟ್ಟೆ. ಮನೆಯವರು ಈಗಲೇ ಮುಖ ಸಿಂಡರಿಸ್ತಿದ್ದಾರೆ.